ಅಂಗಳಕ್ಕೆ ಬಂದ ಒಲೆ

"ನಿನ್ನಿ ರಾತ್ರಿ ಚೌಕಾಬಾರಾ ಯಾರು ಗೆದ್ರು?"

ಮೂರು ವರ್ಷಗಳ ಹಿಂದೆ ದೀಪಾವಳಿಗೆಂದು ನರೋಣಾದ ತವರುಮನೆಗೆ ಹೋಗಿದ್ದೆ. ಪುಣೆಯಿಂದ ಕಾಕಾನ ಮಕ್ಕಳು, ಬೆಂಗಳೂರಿನಿಂದ ತಮ್ಮನ ಸಂಸಾರ, ಊರಲ್ಲೇ ಇರುವ ಅತ್ತಿ, ಅವರ ಮೊಮ್ಮಕ್ಕಳು. ಹೀಗೆ ಇಪ್ಪತ್ತಕ್ಕೂ ಹೆಚ್ಚು ಜನ ಒಂದು ರಾತ್ರಿ ಪಡಸಾಲೆಯಲ್ಲಿ ಸೇರಿ ನಡುರಾತ್ರಿಯವರೆಗೆ ಆಡಿದೆವು, ಹಾಡಿದೆವು. ಮರುದಿನ ಮುಂಜಾನೆ ಚಹಾದ ಕಪ್ಪು-ಬಸಿ ನನ್ನ ಕೈಗೆ ಕೊಡುತ್ತ ವೈನಿ ಕೇಳಿದ ಮಾತು ಅದು.

ಆಟ ನಡೆದದ್ದು ಅಡುಗೆಮನೆಯಿಂದ ಹತ್ತು ಹೆಜ್ಜೆ ದೂರದಲ್ಲಿ. ನಮ್ಮ ಕೂಗಾಟಕ್ಕೆ ಓಣಿಯ ನಾಯಿಗಳೆಲ್ಲ ಎದ್ದು ಕೂತಿದ್ದವು. ಆದರೂ ಗೆದ್ದವರು ಯಾರೆಂಬುದು ಮನೆಯೊಡತಿಗೆ ಗೊತ್ತಿರಲಿಲ್ಲ. ಸಂಜೆ ಆರಕ್ಕೆ ಒಲೆಯ ಮುಂದೆ ನಿಂತವರು ಮೊದಲು ಮಿರ್ಚಿ ಕರಿದರು, ಆಮೇಲೆ ಚಹಾ ಮಾಡಿದರು, ಆಮೇಲೆ ಬಿಸಿ ರೊಟ್ಟಿ ಬಡಿದರು, ಸಣ್ಣ ಮಕ್ಕಳಿಗೆ ಮೆತ್ತಗೆ ಅನ್ನ ಕಲಸಿದರು, ಮತ್ತೆ ಚಹಾ ಇಟ್ಟರು. ತವರಿಗೆ ವಿಶ್ರಾಂತಿಗೆಂದು ಬಂದ ನಾನು ಕವಡೆ ಕೈಯಲ್ಲಿ ಹಿಡಿದು ಪಡಸಾಲೆಯಲ್ಲೇ ಕೂತಿದ್ದೆ. ವೈನಿಯ ದನಿಯಲ್ಲಿ ದೂರು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದ್ದರು. ಅದಕ್ಕೇ ಆ ಮಾತು ನನ್ನ ಮನಸ್ಸಿನಲ್ಲಿ ಇನ್ನೂ ಕುಟುಕುತ್ತದೆ.

ಆಮೇಲಿಂದ ಮನೆಯಲ್ಲಿ ನಾಲ್ಕು ಜನ ಸೇರಿಸಿ ಒಂದು ಸಂಜೆ ಕಳೆಯೋಣ ಎಂದು ಯಾರೇ ಅಂದರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಒಲೆ ಎಲ್ಲಿರುತ್ತದೆ? ಕೂಸಿನಿಂದ ಹಿಡಿದು ಮುತ್ಯಾನವರೆಗೆ ಎಲ್ಲ ವಯಸ್ಸಿನವರೂ ನಗಬೇಕು ಎಂದು ನಾವು ಯೋಜನೆ ಹಾಕುತ್ತೇವೆ. ಆ 'ಎಲ್ಲರ' ಲೆಕ್ಕದಲ್ಲಿ ಅಡುಗೆ ಮಾಡುವವರು ಇರುವುದಿಲ್ಲ. ಅವರನ್ನು ಲೆಕ್ಕಕ್ಕೆ ತೆಗೆದುಕೊಂಡ ಗಳಿಗೆಯಿಂದ ಊಟ, ಆಟ, ಹೊತ್ತು, ಜಾಗ ಎಲ್ಲವೂ ಬೇರೆಯಾಗುತ್ತವೆ.

ಎಲ್ಲ ವಯಸ್ಸಿನವರೂ ಒಂದೇ ಹಾಸಿನ ಮೇಲೆ ರಾತ್ರಿ ಕಳೆಯುವುದು ನಮ್ಮ ಸೀಮೆಗೆ ಹೊಸದಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಬಯಲಾಟವೆಂದರೆ ಕೌದಿ, ಕಂಬಳಿ, ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋಗುವುದು. ಕೂಸುಗಳು ಅಲ್ಲೇ ಮಲಗುತ್ತವೆ, ರಾಕ್ಷಸ ಬಂದಾಗ ಎಚ್ಚರಾಗುತ್ತವೆ. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಜಾತಿಯ ಲೆಕ್ಕವಿಲ್ಲ, ವಯಸ್ಸಿನದೂ ಇಲ್ಲ. ಭಜನೆಯ ರಾತ್ರಿಯಂತೂ ಮುದುಕರು ದಣಿಯುವ ಮೊದಲೇ ಹುಡುಗರು ತೂಕಡಿಸುತ್ತಾರೆ.

ಇವೆಲ್ಲಕ್ಕಿಂತ ನನಗೆ ಪಾಠ ಹೇಳಿದ್ದು ಎಳ್ಳಮಾಸಿ. ಮಾರ್ಗಶಿರದ ಈ ಅಮಾವಾಸ್ಯೆಯ ದಿನ ಕಲಬುರಗಿ, ಬೀದರ್ ಕಡೆಯ ರೈತರ ಮನೆಗಳಿಗೆ ಬೀಗ ಬೀಳುತ್ತದೆ, ಹೊಲಗಳು ತುಂಬುತ್ತವೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹಸಿ ಕಾಳು-ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ ಎಲ್ಲವೂ ಬುಟ್ಟಿಯಲ್ಲಿ ಸೇರಿ ಬಂಡಿ ಏರುತ್ತವೆ. ಈಗ ಟ್ರ್ಯಾಕ್ಟರ್ ಏರುತ್ತವೆ. ಪೂಜೆಯಾಗಿ ಹೊಲದ ಸುತ್ತ ಚರಗ ಚೆಲ್ಲಿದ ಮೇಲೆ ಮರದ ನೆರಳಿನಲ್ಲಿ ಊಟ, ಮಕ್ಕಳಿಗೆ ಜೋಕಾಲಿ. ಆ ದಿನ ನಮ್ಮ ಅವ್ವ ಬಾಯಿ ತುಂಬ ನಗುತ್ತಿದ್ದಳು. ಮನೆಯಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಆಕೆ ನಕ್ಕದ್ದನ್ನು ನಾನು ಕಂಡಿಲ್ಲ. ಎಷ್ಟೋ ವರ್ಷ ಅದು ಹೊಲದ ಗಾಳಿಯ ಗುಣ ಎಂದುಕೊಂಡಿದ್ದೆ. ವೈನಿಯ ಪ್ರಶ್ನೆಯ ನಂತರ ಹೊಳೆಯಿತು: ಹೊಲದಲ್ಲಿ ಒಲೆ ಇರಲಿಲ್ಲ. ನಸುಕಿನಲ್ಲೇ ಎದ್ದು ಅಡುಗೆ ಮುಗಿಸಿ ತಂದಾಗಿತ್ತು. ಬುತ್ತಿ ಬಿಚ್ಚಿದ ಮೇಲೆ ಆಕೆಗೂ ಕೂರುವುದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ.

ಆ ಹೊಲವನ್ನು ಒಂದು ರಾತ್ರಿಯ ಮಟ್ಟಿಗೆ ಮನೆಯ ಅಂಗಳಕ್ಕೆ ತರಬಹುದೇ? ಕಳೆದ ಎರಡು ವರ್ಷದಿಂದ ನಾವು ಮಾಡುತ್ತಿರುವುದು ಅದನ್ನೇ.

ಹುಣ್ಣಿಮೆ ನೋಡಿ ದಿನ ಇಡುವುದು

ನಾವು ಆರಿಸಿಕೊಂಡದ್ದು ಬನದ ಹುಣ್ಣಿಮೆಯ ಆಸುಪಾಸು. ಎಳ್ಳಮಾಸಿ ಕಳೆದು ಹದಿನೈದು ದಿನಕ್ಕೆ ಬರುವ ಪುಷ್ಯದ ಹುಣ್ಣಿಮೆ ಅದು. ಹಬ್ಬದ ಗದ್ದಲ ಮುಗಿದಿರುತ್ತದೆ, ಸಂಕ್ರಾಂತಿಯ ಹಿಂದುಮುಂದಿನ ದಿನಗಳಾದ್ದರಿಂದ ಊರ ಹೊರಗಿನವರಿಗೂ ಒಂದೆರಡು ದಿನ ರಜೆ ಸಿಗುತ್ತದೆ. ಹಿಂಗಾರಿ ಜೋಳದ ತೆನೆಯಲ್ಲಿ ಹಾಲು ಗಟ್ಟಿಯಾಗುವ ಹೊತ್ತು ಅದು. ತಡವಾಗಿ ಬಿತ್ತಿದ ತೊಗರಿಯಲ್ಲಿ ಹಸಿಕಾಯಿಯೂ ಸಿಗುತ್ತದೆ. ಕರೆಂಟು ಹೋದರೂ ಬೆಳದಿಂಗಳಿಗೆ ಚಿಂತೆಯಿಲ್ಲ. ಚಳಿ ಇರುತ್ತದೆ, ಆದರೆ ಬೆಂಕಿಯ ಸುತ್ತ ಕೂರಲು ಚಳಿ ಬೇಕು.

ಇದು ಹೊಂದದವರಿಗೆ ಶೀಗಿ ಹುಣ್ಣಿಮೆ ಇದೆ. ಆಳಂದದ ಗಡಿ ದಾಟಿದರೆ ಅಕ್ಕಲಕೋಟೆ, ಅದರಾಚೆ ಸೊಲ್ಲಾಪುರ. ಅಲ್ಲಿಯ ಮನೆಗಳಲ್ಲಿ ಅದು ಕೋಜಾಗಿರಿ. ಬೆಳದಿಂಗಳಿನಲ್ಲಿ ಹಾಲು ಕಾಯಿಸಿ, ಬಾದಾಮಿ, ಯಾಲಕ್ಕಿ, ಕೇಸರಿ ಹಾಕಿ, ಚಂದ್ರ ನೆತ್ತಿಗೇರುವವರೆಗೆ ಎಚ್ಚರವಿದ್ದು ಕುಡಿಯುತ್ತಾರೆ. ಯಾರು ಎಚ್ಚರ ಇದ್ದೀರಿ ಎಂದು ಲಕ್ಷ್ಮಿ ಮನೆಮನೆಗೆ ಕೇಳುತ್ತ ಬರುತ್ತಾಳೆ ಎಂಬ ನಂಬಿಕೆ. ಮನೆಯಲ್ಲಿ ಎಲ್ಲರೂ ಕೂಡಿ ಎಚ್ಚರ ಇರುವುದನ್ನೇ ಹಬ್ಬ ಮಾಡಿದ ಆ ಊರುಗಳ ಬಗ್ಗೆ ನನಗೆ ಬಹಳ ಪ್ರೀತಿ. ನಾವೂ ಆ ಹಾಲನ್ನು ಎರವಲು ತಂದಿದ್ದೇವೆ.

ಬೇಸಿಗೆಯಾದರೆ ಅಂಗಳ ಬೇಡ, ಮಾಳಿಗೆಯೇ ಸರಿ. ಹಗಲಿನ ಬಿಸಿಲು ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಸಂಜೆ ಮಾಳಿಗೆಗೆ ನೀರು ಹೊಡೆದು, ಕಲ್ಲು ಆರಿದ ಮೇಲೆ ಚಾಪೆ ಹಾಸಿದರೆ ಎಂಟರ ಹೊತ್ತಿಗೆ ಗಾಳಿ ಬರುತ್ತದೆ. ಆದರೆ ಮೊಣಕಾಲು ನೋವಿನ ಆಯಿ ಮೆಟ್ಟಿಲು ಹತ್ತಬೇಕಲ್ಲ. ಒಬ್ಬರು ಹತ್ತಲಾರದ ಜಾಗ ಎಲ್ಲರ ಜಾಗ ಆಗುವುದಿಲ್ಲ. ಅದಕ್ಕೇ ನಾನು ಅಂಗಳದ ಪಕ್ಷ.

ಹೊತ್ತಿನ ಬಗ್ಗೆ ಒಂದು ಮಾತು. 'ರಾತ್ರಿ ಪಾರ್ಟಿ' ಎಂದರೆ ಒಂಬತ್ತಕ್ಕೆ ಶುರು ಎಂಬುದು ಪಟ್ಟಣದ ರೂಢಿ. ಆ ಹೊತ್ತಿಗೆ ನಮ್ಮ ಮುತ್ಯಾ ಮಲಗಿರುತ್ತಾರೆ, ಮೂರು ವರ್ಷದ ಕೂಸು ಅಳುತ್ತಿರುತ್ತದೆ. ನಾವು ದೀಪ ಹಚ್ಚುವ ಹೊತ್ತಿಗೆ ಶುರು ಮಾಡಿ ಹತ್ತಕ್ಕೆ ಮುಗಿಸುತ್ತೇವೆ. ಅಂಗಳದ ಒಂದು ಮೂಲೆಯಲ್ಲಿ ಎರಡು ಕೌದಿ ಹಾಸಿಟ್ಟರೆ ನಿದ್ದೆ ಬಂದ ಮಕ್ಕಳು ಅಲ್ಲೇ ಒರಗುತ್ತಾರೆ. ಅವರನ್ನು ಒಳಗೆ ಮಲಗಿಸಲು ತಾಯಂದಿರು ಎದ್ದು ಹೋಗಬೇಕಿಲ್ಲ. ಹಿತ್ತಲಿಗೆ ಹೋಗುವ ದಾರಿಗೆ ಒಂದು ಲೈಟು, ಕೆಳಗೆ ಕೂರಲಾರದವರಿಗೆ ಎರಡು ಕುರ್ಚಿ. ಉಳಿದ ಕುರ್ಚಿಗಳೆಲ್ಲ ಒಳಗೇ ಇರಲಿ. ಸಾಲಾಗಿ ಕುರ್ಚಿ ಹಾಕಿದರೆ ಸಭೆಯಾಗುತ್ತದೆ. ಚಾಪೆ ಹಾಸಿದರೆ ಮಕ್ಕಳು ದೊಡ್ಡವರ ತೊಡೆಯ ಮೇಲೆ ತಾವಾಗೇ ಬಂದು ಕೂರುತ್ತಾರೆ.

ಮುಂಚೆ ಆಗುವುದು, ಮುಂದೆ ಆಗುವುದು

ಊಟದ ಯೋಜನೆಗೆ ನಾವು ಹಾಕಿಕೊಂಡ ನಿಯಮ ಇಷ್ಟು: ಒಂದೋ ಅದು ಮುಂಚೆಯೇ ಆಗಿರಬೇಕು, ಇಲ್ಲವೇ ಎಲ್ಲರ ಕಣ್ಣ ಮುಂದೆ ಆಗಬೇಕು. ಒಳಗೆ ಒಬ್ಬರೇ ನಿಂತು ಬಿಸಿಬಿಸಿ ಕಳಿಸುವಂಥ ಯಾವುದೂ ಪಟ್ಟಿಯಲ್ಲಿ ಇರಬಾರದು.

ಮುಂಚೆ ಆಗುವುದರಲ್ಲಿ ನಮ್ಮ ಸೀಮೆ ಬಲು ಶ್ರೀಮಂತ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಇಪ್ಪತ್ತೈದು ಜನಕ್ಕೆ ಅರವತ್ತು ರೊಟ್ಟಿ ಸಾಕು. ಅದನ್ನೂ ಮನೆಯಲ್ಲೇ ಬಡಿಯಬೇಕೆಂಬ ಹಟ ಬೇಡ. ಕಲಬುರಗಿ ಜಿಲ್ಲೆಯಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳ ಸಂಘಗಳು ಬೇಕಾದಷ್ಟಿವೆ. ಜಿಲ್ಲಾಡಳಿತ ಅವಕ್ಕೆ 'ಕಲಬುರಗಿ ರೊಟ್ಟಿ' ಎಂಬ ಒಂದೇ ಹೆಸರು ಕೊಟ್ಟು ಮಾರುಕಟ್ಟೆಗೂ ತಂದಿದೆ. ದುಡ್ಡು ಕೊಟ್ಟು ರೊಟ್ಟಿ ತಂದರೆ ಮರ್ಯಾದೆ ಹೋಗುತ್ತದೆ ಎಂದು ನಮ್ಮ ಅತ್ತಿ ಮೊದಲು ಒಪ್ಪಲಿಲ್ಲ. "ನಿಮ್ಮ ಕೈಗೂ ಒಂದಿನ ಸೂಟಿ ಬ್ಯಾಡೇನ್ರಿ?" ಎಂದಾಗ ಸುಮ್ಮನಾದರು. ಪುಂಡಿಪಲ್ಯ ಒಂದು ದಿನ ಮುಂಚೆ ಮಾಡಿದರೇ ರುಚಿ. ಶೇಂಗಾ ಹಿಂಡಿ, ಅಗಸಿ ಹಿಂಡಿ ಡಬ್ಬಿಯಲ್ಲಿ ಇದ್ದೇ ಇರುತ್ತವೆ. ಮೊಸರು, ಉಳ್ಳಾಗಡ್ಡಿ, ಸೌತೆಕಾಯಿ. ಇಷ್ಟನ್ನು ಒಂದು ಕಟ್ಟೆಯ ಮೇಲೆ ಜೋಡಿಸಿಟ್ಟರೆ ಹಸಿದವರು ಹಸಿದಾಗ ತಿನ್ನುತ್ತಾರೆ. ಬಡಿಸುವ ಕೆಲಸವೇ ಇಲ್ಲ.

ಕಣ್ಣ ಮುಂದೆ ಆಗುವುದರಲ್ಲಿ ಮೊದಲನೆಯದು ಸುಸಲಾ. ಇಪ್ಪತ್ತೈದು ಜನಕ್ಕೆ ಒಂದೂವರೆ ಕೆಜಿ ಚುರುಮುರಿ. ದೊಡ್ಡ ಪಾತ್ರೆಯ ನೀರಿನಲ್ಲಿ ಚುರುಮುರಿ ಅದ್ದಿ, ಅರೆಗಳಿಗೆಯಲ್ಲಿ ಎತ್ತಿ, ಎರಡೂ ಅಂಗೈ ನಡುವೆ ಹಿಂಡಿ ಪರಾತಕ್ಕೆ ಹಾಕುವುದು. ಈ ಕೆಲಸಕ್ಕೆ ಏಳೆಂಟು ವರ್ಷದ ಮಕ್ಕಳಷ್ಟು ಉತ್ಸಾಹಿಗಳು ಯಾರೂ ಸಿಗುವುದಿಲ್ಲ. ನೀರಿನಲ್ಲಿ ಆಡು ಎಂದು ದೊಡ್ಡವರೇ ಹೇಳುವ ಸಂಜೆ ಅವರಿಗೆ ವರ್ಷಕ್ಕೊಮ್ಮೆ ಬರುತ್ತದೆ. ಒಗ್ಗರಣೆಗೆ ಸಾಸಿವೆ, ಕರಿಬೇವು, ಅರಿಶಿಣ, ಹೆಚ್ಚಿದ ಉಳ್ಳಾಗಡ್ಡಿ, ಟೊಮೆಟೊ. ಮೆಣಸಿನಕಾಯಿಯ ಒಗ್ಗರಣೆ ಬೇರೆ. ಖಾರ ಬೇಕಾದವರು ಮೇಲೆ ಹಾಕಿಕೊಳ್ಳಲಿ. ಕೊನೆಗೆ ಪುಟಾಣಿ ಹಿಟ್ಟು, ಲಿಂಬೆಹಣ್ಣು, ಕೊತ್ತಂಬರಿ. ಹಲ್ಲಿಲ್ಲದ ಮುತ್ಯಾನಿಂದ ಹಲ್ಲು ಮೂಡುತ್ತಿರುವ ಕೂಸಿನವರೆಗೆ ಒಂದೇ ಪರಾತದಿಂದ ತಿನ್ನಬಹುದಾದ ತಿಂಡಿ ಇದಕ್ಕಿಂತ ಬೇರೊಂದು ನನಗೆ ಗೊತ್ತಿಲ್ಲ.

ಸುಸಲಾ ಬಂದರೆ ಹಿಂದೆಯೇ ಮಿರ್ಚಿ ಭಜಿ ಬರಲೇಬೇಕು. ಇಲ್ಲದಿದ್ದರೆ ಕಲಬುರಗಿ ಸೀಮೆಯ ಸಂಜೆ ಎನ್ನಿಸಿಕೊಳ್ಳುವುದಿಲ್ಲ. ತೊಂದರೆಯೆಲ್ಲ ಇರುವುದು ಇಲ್ಲಿಯೇ. ಮಿರ್ಚಿ ತಣ್ಣಗಾದರೆ ಬೆಲೆಯಿಲ್ಲ, ಬಿಸಿ ಬೇಕೆಂದರೆ ಒಬ್ಬರು ಎಣ್ಣೆಯ ಮುಂದಿನಿಂದ ಕದಲುವಂತಿಲ್ಲ. ಅಂದು ವೈನಿಯನ್ನು ಕಟ್ಟಿಹಾಕಿದ್ದೂ ಇದೇ ಮಿರ್ಚಿ. ಹಾಗಾಗಿ ನಾವು ಒಲೆಯನ್ನೇ ಅಂಗಳಕ್ಕೆ ತಂದೆವು. ಗೋಡೆಯ ಮರೆಯಲ್ಲಿ, ಮಕ್ಕಳು ಓಡಾಡುವ ಜಾಗದಿಂದ ದೂರ, ಪಕ್ಕದಲ್ಲಿ ಒಂದು ಬುಟ್ಟಿ ಉಸುಕು ಇಟ್ಟು. ಕರಿಯುವವರು ಯಾರು ಎಂಬುದನ್ನು ಆಟಕ್ಕೆ ಬಿಟ್ಟೆವು. ಅದನ್ನು ಮುಂದೆ ಹೇಳುತ್ತೇನೆ.

ತೊಗರಿಕಾಯಿಯ ಮಹಿಮೆ ಬೇರೆಯೇ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಬಂತು. ದೇಶವೆಲ್ಲ ನಮ್ಮ ಬೇಳೆಯ ಸಾರು ಉಣ್ಣುತ್ತದೆ. ಹಸಿ ತೊಗರಿಕಾಯಿ ಉಪ್ಪು ಹಾಕಿ ಕುದಿಸಿ, ಬಸಿದು, ಬಿಸಿಯಿರುವಾಗ ಸುಲಿದು ತಿನ್ನುವ ಸುಖ ಮಾತ್ರ ಬೆಳೆಯುವ ಊರಿನವರಿಗೇ ಮೀಸಲು. ಐದಾರು ಕೆಜಿ ಕಾಯಿ ಒಂದು ದೊಡ್ಡ ಪಾತ್ರೆಯಲ್ಲಿ ಕುದಿಸಿ ಚಾಪೆಯ ನಡುವೆ ಸುರಿದರೆ ಸುತ್ತ ಕೂತವರ ಕೈಗಳು ತಾವೇ ಓಡುತ್ತವೆ. ಸುಲಿಯುತ್ತ ಮಾತು, ಮಾತಾಡುತ್ತ ಸುಲಿತ. ಬೆರಳಿಗೆಲ್ಲ ಉಪ್ಪುನೀರು ಮೆತ್ತಿರುವುದರಿಂದ ಮೊಬೈಲ್ ಯಾರೂ ಮುಟ್ಟುವುದಿಲ್ಲ. 'ಫೋನ್ ಇಡ್ರಿ' ಎಂದು ಹದಿನಾರರ ಹುಡುಗನಿಗೆ ಹೇಳಿ ಮುಖ ಕೆಡಿಸಿಕೊಳ್ಳುವ ಪ್ರಸಂಗವೇ ಬರಲಿಲ್ಲ.

ಸೀತನಿಯೂ ಹಾಗೆಯೇ ಜನರನ್ನು ಎಳೆದು ಕೂರಿಸುತ್ತದೆ. ಎಳೆಯ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ತಿಕ್ಕಿ ಕಾಳು ಉದುರಿಸಿ, ಮೊರದಲ್ಲಿ ಕೇರಿ, ಶೇಂಗಾ ಹಿಂಡಿ, ಬೆಲ್ಲ, ಒಣಕೊಬ್ಬರಿಯ ಜೊತೆ ತಿನ್ನುವುದು. ಸಾಮಾನ್ಯವಾಗಿ ಹೊಲದಲ್ಲೇ ಆಗುವ ಊಟ. ಗಡಿಯಾಚೆ ಇದನ್ನೇ ಹುರಡಾ ಎನ್ನುತ್ತಾರೆ, ಪಟ್ಟಣದವರು ಹಣ ಕೊಟ್ಟು ತೋಟಗಳಿಗೆ ಹೋಗಿ ತಿಂದು ಬರುತ್ತಾರೆ. ಆರಿದರೆ ಬಿರುಸಾಗುತ್ತದೆ, ಆದ್ದರಿಂದ ತಿನ್ನುವವರು ಬೆಂಕಿಯ ಹತ್ತಿರವೇ ಇರಬೇಕು. ತಿಕ್ಕುವ ಹದ ಗೊತ್ತಿರುವುದು ಹಿರಿಯರಿಗೆ ಮಾತ್ರ. ಬೆಂಗಳೂರಿನ ತಮ್ಮನ ಮಗ ತೆನೆ ತಿಕ್ಕಲು ಹೋಗಿ ಅಂಗೈ ಚುರುಗುಟ್ಟಿಸಿಕೊಂಡಾಗ ಎಂಬತ್ತು ದಾಟಿದ ಮುತ್ಯಾ ಅವನ ಕೈಯಿಂದ ತೆನೆ ಇಸಿದುಕೊಂಡರು. "ಹಿಂಗಲ್ಲೋ ತಮ್ಮಾ, ಹಿಂಗ" ಎನ್ನುತ್ತ ತಿಕ್ಕಿ ತೋರಿಸಿದರು. ಆ ಹುಡುಗ ಅಲ್ಲಿಂದ ಎದ್ದದ್ದು ಮುಕ್ಕಾಲು ಗಂಟೆಯ ಮೇಲೆ.

ಹಾಲಿನ ಒಂದು ಗುಟ್ಟು: ಐದು ಲೀಟರ್ ಮಸಾಲೆ ಹಾಲಿಗೆ ಸಕ್ಕರೆ ಹಾಕುವ ಮೊದಲೇ ಒಂದು ಚೆಂಬು ಬೇರೆ ತೆಗೆದಿಡಿ. ಸಕ್ಕರೆ ಕಾಯಿಲೆಯವರು ಪ್ರತಿ ಮನೆಯಲ್ಲೂ ಇದ್ದಾರೆ. ಎಲ್ಲರೂ ಕುಡಿಯುವಾಗ ಅವರು 'ನನಗ ಬ್ಯಾಡ' ಎಂದು ಕೈ ಅಡ್ಡ ಹಿಡಿಯುವುದು ನೋಡಲಾಗುವುದಿಲ್ಲ. ಅಡುಗೆ ಪೂರ್ತಿ ಸಸ್ಯಾಹಾರವಾದರೆ ನೆರೆಮನೆಯವರೆಲ್ಲರೂ, ಲಿಂಗಾಯತರಿರಲಿ ಮುಸ್ಲಿಮರಿರಲಿ, ಒಂದೇ ಪರಾತಕ್ಕೆ ಕೈ ಹಾಕಬಹುದು. ಲಾಡ್ಲೆ ಮಶಾಕರ ದರ್ಗಾಕ್ಕೂ ಗಾಣಗಾಪುರದ ದತ್ತನಿಗೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಸೀಮೆ ನಮ್ಮದು. ಓಣಿಯ ಎರಡು ಮನೆಗಳನ್ನು ಕರೆಯದೆ ಅಂಗಳದಲ್ಲಿ ಬೆಂಕಿ ಹಾಕುವುದು ಸರಿಯಲ್ಲ.

ಫರಸಿಯ ಮೇಲೆ ಇಪ್ಪತ್ತೈದು ಮನೆ

ಶಹಾಬಾದಿನ ಕಲ್ಲು ನಮ್ಮ ಜಿಲ್ಲೆಯ ಮನೆಗಳ ನೆಲ. ಆ ಫರಸಿಯ ಮೇಲೆ ಬಳಪದಿಂದ ಐದಕ್ಕೆ ಐದು ಮನೆ ಬರೆದರೆ ಚೌಕಾಬಾರಾ ಸಿದ್ಧ. ಬೇರೆ ಹಾಸು ಕೊಳ್ಳುವ ಅಗತ್ಯವಿಲ್ಲ. ಹಂಪಿಯ ಮಂಟಪಗಳ ನೆಲದಲ್ಲಿ ಕೊರೆದ ಆಟದ ಮನೆಗಳನ್ನು ನೋಡಿದವರಿಗೆ ಇದು ಎಷ್ಟು ಹಳೆಯ ಅಭ್ಯಾಸ ಎಂಬುದು ಗೊತ್ತು. ಅಕ್ಬರನ ಫತೇಪುರ್ ಸಿಕ್ರಿಯಲ್ಲೂ ಅಂಗಳದ ಹಾಸುಗಲ್ಲಿನ ಮೇಲೇ ಪಚೀಸಿ ಮನೆ ಇದೆ. ಆ ಪಚೀಸಿಯನ್ನೇ ಇಂಗ್ಲೆಂಡಿನವರು ಸರಳ ಮಾಡಿ 1896ರಲ್ಲಿ ಲೂಡೋ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದರು. ಈಗ ಮಕ್ಕಳು ಮೊಬೈಲಿನಲ್ಲಿ ಆಡುವುದು ಅದನ್ನೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ ಇಂಥ ಆಟಗಳೆಂದರೆ ಪ್ರಾಣ. ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗಾಗಿಯೇ ಕೌತುಕನಿಧಿ ಎಂಬ ಭಾಗವಿದೆ.

ಆಟ ಮರೆತವರಿಗಾಗಿ ನೆನಪಿಸುತ್ತೇನೆ. ನಾಲ್ಕು ಬದಿಗೆ ನಾಲ್ವರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆಚೂರು, ಹುಣಸೆಬೀಜ, ತೊಗರಿಕಾಳು, ಸಣ್ಣ ಹರಳು, ಯಾವುದಾದರೂ ಸರಿ. ನಾಲ್ಕು ಕವಡೆ ಹಾಕಬೇಕು. ಎಷ್ಟು ಕವಡೆ ಬಾಯಿ ಮೇಲೆ ಮಾಡಿ ಬಿದ್ದವೋ ಅಷ್ಟು ಮನೆ ನಡೆ. ನಾಲ್ಕೂ ಬಾಯಿ ತೆರೆದರೆ ಚೌಕ, ನಾಲ್ಕೂ ಬೋರಲಾದರೆ ಬಾರಾ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಪಾಳಿ ಸಿಗುತ್ತದೆ. ಹೊರ ಸುತ್ತಿನಲ್ಲಿ ಹದಿನಾರು ಮನೆ, ಒಳ ಸುತ್ತಿನಲ್ಲಿ ಎಂಟು, ನಟ್ಟನಡುವೆ ಹಣ್ಣಾಗುವ ಮನೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳ ಸುತ್ತಿಗೆ ದಾರಿಯಿಲ್ಲ. ಗೀಟು ಹಾಕಿದ ಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಅರ್ಧ ಅದೃಷ್ಟ, ಅರ್ಧ ಹಂಚಿಕೆ. ಹಾಗಾಗಿ ಏಳು ವರ್ಷದವಳು ಎಪ್ಪತ್ತರವರನ್ನು ನ್ಯಾಯವಾಗಿಯೇ ಸೋಲಿಸಬಲ್ಲಳು. ಯಾರೂ ಬೇಕೆಂದು ಸೋಲಬೇಕಿಲ್ಲ. ತಮಗಾಗಿ ದೊಡ್ಡವರು ಸೋತರೆಂದು ತಿಳಿದರೆ ಮಕ್ಕಳ ಮುಖ ಬಾಡುತ್ತದೆ.

ನಾಲ್ವರ ಆಟವನ್ನು ಇಪ್ಪತ್ತನಾಲ್ಕು ಜನಕ್ಕೆ ಹಿಗ್ಗಿಸುವುದು ಸುಲಭ. ಆರಾರು ಜನರ ನಾಲ್ಕು ಗುಂಪು. ಪ್ರತಿ ಗುಂಪಿನಲ್ಲಿ ಒಬ್ಬ ಹಿರಿಯರು, ಒಂದು ಮಗು, ಒಬ್ಬ ಕಾಲೇಜು ಹುಡುಗ ಇಲ್ಲವೇ ಹುಡುಗಿ ಇರಲೇಬೇಕು. ಗಂಡ-ಹೆಂಡತಿ ಒಂದೇ ಗುಂಪಿನಲ್ಲಿ ಇರಬಾರದು. ಕವಡೆ ಹಾಕುವುದು ಎಲ್ಲಕ್ಕಿಂತ ಸಣ್ಣವರು, ಕಾಯಿ ನಡೆಸುವುದು ಎಲ್ಲಕ್ಕಿಂತ ಹಿರಿಯರು, ಜಗಳಾಡಿ ನಿರ್ಧಾರ ಮಾಡುವುದು ನಡುವಿನವರು. ಇನ್ನು ಒಲೆಯ ನಿಯಮ: ಯಾವ ಗುಂಪಿನ ಕಾಯಿ ಕಡಿದುಹೋಯಿತೋ ಆ ಗುಂಪಿನ ದೊಡ್ಡವರೊಬ್ಬರು ಎದ್ದು ಒಂದು ಸುತ್ತು ಮಿರ್ಚಿ ಕರಿಯಬೇಕು. ಕಡಿದ ಗುಂಪಿಗೆ ಮೊದಲ ಬಿಸಿ ಮಿರ್ಚಿ.

ಈ ಒಂದು ನಿಯಮದಿಂದ ಆದದ್ದನ್ನು ನೋಡಿ. ಜೀವಮಾನದಲ್ಲಿ ಹಿಟ್ಟಿಗೆ ಕೈ ಹಾಕದ ಪುಣೆಯ ಅಣ್ಣ ಆ ರಾತ್ರಿ ಮೂರು ಸಲ ಒಲೆಗೆ ಹೋದ. ಅವನ ಮೊದಲ ಸುತ್ತಿನಲ್ಲಿ ಹಿಟ್ಟು ಒಂದು ಕಡೆ, ಮೆಣಸಿನಕಾಯಿ ಒಂದು ಕಡೆ. ಮೂರನೆಯದಕ್ಕೆ ಅತ್ತಿಯೇ "ಹದ ಬಂತು ನೋಡು" ಎಂದರು. ಕರಿಯುವವನ ಸುತ್ತ ಮೂವರು ಸಲಹೆಗಾರರು ಯಾವಾಗಲೂ ನಿಂತಿರುತ್ತಿದ್ದರು. ಒಲೆಯ ಮುಂದೆ ಒಬ್ಬರೇ ನಿಲ್ಲುವುದು ಅಲ್ಲಿಗೆ ತಪ್ಪಿತು.

ಚೌಕಾಬಾರಾದ ಜೊತೆ ಇನ್ನೂ ಒಂದೆರಡು ಆಟ ಕೈಯಲ್ಲಿರಲಿ. ತಂಬೋಲಾ ಎಲ್ಲರಿಗೂ ಬರುತ್ತದೆ. ಒಂದರಿಂದ ತೊಂಬತ್ತರವರೆಗಿನ ಅಂಕಿ, ಚೀಟಿಯಲ್ಲಿ ಹದಿನೈದು. ಬರಿ ಅಂಕಿ ಕೂಗಿದರೆ ಸಪ್ಪೆ. ನಾವು ಕಾಲೇಜು ಹುಡುಗಿಯೊಬ್ಬಳಿಗೆ ಸುಳಿವು ಕಟ್ಟಿ ಕೂಗುವ ಕೆಲಸ ಕೊಟ್ಟೆವು. "ನಮ್ಮ ಜಿಲ್ಲಾದ ಗಾಡಿ ನಂಬರು" ಎಂದರೆ 32. "ಶರಣರ ಶತಮಾನ" ಎಂದರೆ 12. "ಪುರಾತನರು ಎಷ್ಟು ಮಂದಿ" ಎಂದರೆ 63. "ನಿಜಾಮನ ಆಳ್ವಿಕಿ ಮುಗಿದ ತಾರೀಖು" ಎಂದಾಗ ಮಕ್ಕಳೆಲ್ಲ ಮುತ್ಯಾನ ಮುಖ ನೋಡಿದರು. ಅವರು ಒಂದೇ ಉಸಿರಿಗೆ "ಸೆಪ್ಟೆಂಬರ್ ಹದಿನೇಳು, ನಲವತ್ತೆಂಟನೇ ಇಸ್ವಿ" ಎಂದರು. 17 ಬಂತು. 48 ಇನ್ನೂ ಚೀಲದಲ್ಲಿತ್ತು. ಆಮೇಲೆ ಹತ್ತು ನಿಮಿಷ ಆಟ ನಿಂತಿತು, ಮುತ್ಯಾ ಆ ಕಾಲದ ಕಥೆ ಹೇಳಿದರು. ಯೋಜನೆಯಲ್ಲಿ ಅದು ಇರಲಿಲ್ಲ. ಅಂಥ ಹೊತ್ತಿಗೆ ಆಟ ನಿಲ್ಲಿಸಿ ಕೇಳುವಷ್ಟು ಸಡಿಲು ಬಿಟ್ಟಿರಬೇಕು, ಅಷ್ಟೇ. ಕಣ್ಣು ಮಂಜಾದವರಿಗೆ, ಓದು ಬಾರದವರಿಗೆ ಒಂದು ಮಗುವನ್ನು ಜೊತೆ ಕೂರಿಸಿ. ಒಂದು ಚೀಟಿ, ಇಬ್ಬರು, ಬಹುಮಾನವೂ ಇಬ್ಬರಿಗೆ.

ಒಗಟು ಹಳೆಯದೇ ಆಗಬೇಕೆಂದಿಲ್ಲ. ಸುಲಿಯುತ್ತ ಕೂತವರಿಗೆ ಕೈಯಲ್ಲಿರುವುದರ ಮೇಲೇ ಒಗಟು ಕಟ್ಟಿ ಎಂದೆವು. "ಹೊಲದಾಗ ಒಂದು, ಮಿಲ್ಲಿನಾಗ ಎರಡು, ಒಲಿ ಮ್ಯಾಲ ಮತ್ತ ಒಂದ. ಏನದು?" ಎಂದು ಅತ್ತಿಯ ಹತ್ತು ವರ್ಷದ ಮೊಮ್ಮಗಳು ಕೇಳಿದಳು. ತೊಗರಿ ಸುಲಿಯುತ್ತಿದ್ದ ಎಷ್ಟೋ ಜನಕ್ಕೆ ತೊಗರಿಯೇ ಹೊಳೆಯಲಿಲ್ಲ.

ಒಡಪು ಮಾತ್ರ ಮದುವೆಯಾದವರ ಹಕ್ಕು. ಗಂಡನ ಹೆಸರನ್ನು ಪ್ರಾಸದಲ್ಲಿ ಮುಚ್ಚಿಟ್ಟು ಹೇಳುವ ಈ ಚತುರತೆ ಈಗ ಮದುವೆ, ಸೀಮಂತದಲ್ಲಷ್ಟೇ ಉಳಿದಿದೆ. ಹೊಸ ಸೊಸೆಯೊಬ್ಬಳು ಹಾಲಿನ ಲೋಟ ಕೈಗೆ ಬರುವ ಮೊದಲು, ನಿಂತ ನಿಲುವಿನಲ್ಲಿ, ಕಡಗಂಚಿ ದಾರಿಯ ತೊಗರಿ ಹೂವಿನ ಸಾಲನ್ನೂ ಕೆನೆಹಾಲನ್ನೂ ಹೊಂದಿಸಿ ಗಂಡನ ಹೆಸರು ಹೇಳಿದಳು. ಈ ಸಲ ಗಂಡಸರೂ ಹೆಂಡತಿಯ ಹೆಸರಿಗೆ ಒಡಪು ಕಟ್ಟಬೇಕೆಂದು ಅತ್ತಿ ಪಟ್ಟು ಹಿಡಿದರು. ನಲವತ್ತು ವರ್ಷ ಸಂಸಾರ ಮಾಡಿದ ಕಾಕಾ ಎರಡು ಸಾಲು ಹೊಂದಿಸಲು ಕಾಲು ಗಂಟೆ ತೆಗೆದುಕೊಂಡರು. ಕೊನೆಗೆ ಹೇಳಿದಾಗ ಕಾಕು ಸೆರಗಿನಿಂದ ಮುಖ ಮುಚ್ಚಿಕೊಂಡರು.

ಹಾಡಿಗೆ ಧ್ವನಿವರ್ಧಕ ಬೇಡವೇ ಬೇಡ. ರಾತ್ರಿ ಹತ್ತರ ಮೇಲೆ ಅದಕ್ಕೆ ಕಾನೂನಿನ ತಡೆಯೂ ಇದೆ. ನನ್ನ ಆಕ್ಷೇಪ ಹತ್ತರ ಮೊದಲಿನದಕ್ಕೂ ಅನ್ವಯಿಸುತ್ತದೆ. ಡಿಜೆ ಇದ್ದಲ್ಲಿ ಕಿವಿ ಮಂದವಾದವರಿಗೆ ಮಾತು ಕೇಳುವುದಿಲ್ಲ, ಕೂಸುಗಳು ಬೆಚ್ಚುತ್ತವೆ, ಉಳಿದವರು ಸನ್ನೆ ಮಾಡುತ್ತಾರೆ. ಬಾಯಿಯ ಹಾಡು ಸಾಕು. ಅಂತ್ಯಾಕ್ಷರಿಯಲ್ಲಿ ಸಿನಿಮಾ ಹಾಡಿಗೆ ತತ್ವಪದ ಉತ್ತರ ಕೊಡಬಹುದು ಎಂದು ಒಪ್ಪಿಕೊಂಡೆವು. ಕಡಕೋಳ ಮಡಿವಾಳಪ್ಪನವರು ಬಾಳಿದ ಜೇವರ್ಗಿ ಸೀಮೆಯಿಂದ ಸೊಸೆ ತಂದ ಮನೆ ನಮ್ಮದು. ಆ ಸೊಸೆಯೇ ವೈನಿ. ಅವರಿಗೆ ಇಷ್ಟೊಂದು ತತ್ವಪದ ಬರುತ್ತವೆಂದು ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದ ನಮ್ಮಣ್ಣನಿಗೂ ಗೊತ್ತಿರಲಿಲ್ಲ. ಒಂದು ಪದ ಮುಗಿದ ಮೇಲೆ ಮುತ್ಯಾ "ಇನ್ನೊಂದು ಹಾಡವ್ವಾ" ಎಂದರು. ಇನ್ನೊಂದಾಯಿತು. ಮತ್ತೊಂದಾಯಿತು.

ಹತ್ತು ಗಂಟೆಗೆ ಚೌಕಾಬಾರಾ ಇನ್ನೂ ಮುಗಿದಿರಲಿಲ್ಲ. ವೈನಿಯ ಗುಂಪಿನದು ಎರಡು ಕಾಯಿ ಹಣ್ಣಾಗಿದ್ದವು, ಎರಡು ಒಳ ಸುತ್ತಿನಲ್ಲಿದ್ದವು. ಕಾಕಾನ ಗುಂಪು ಬೆನ್ನಿಗೇ ಇತ್ತು. ಮಕ್ಕಳು ಕೌದಿಯ ಮೇಲೆ ಸಾಲಾಗಿ ನಿದ್ದೆ ಹೋಗಿದ್ದರು, ವೈನಿಯ ಗುಂಪಿಗೆ ಕವಡೆ ಹಾಕುವ ಹುಡುಗಿಯೂ ಅವರಲ್ಲೊಬ್ಬಳು. ಅವಳಿಲ್ಲದೆ ಹಾಕುವುದು ಮೋಸ ಎಂದು ಎರಡೂ ಗುಂಪು ಒಪ್ಪಿದವು. ಕಾಯಿಗಳನ್ನು ಇದ್ದಲ್ಲೇ ಬಿಟ್ಟು ಮೇಲೊಂದು ಬುಟ್ಟಿ ಬೋರಲು ಹಾಕಿ ಮಲಗಿದೆವು.

ಬೆಳಿಗ್ಗೆ ಎದ್ದಾಗ ನಮ್ಮಣ್ಣ ಕಸಬರಿಗೆ ಹಿಡಿದು ಅಂಗಳದ ತುಂಬ ಬಿದ್ದಿದ್ದ ತೊಗರಿ ಸಿಪ್ಪೆ ಗುಡಿಸುತ್ತಿದ್ದ. ಗುಡಿಸುತ್ತ ಬುಟ್ಟಿಯ ಹತ್ತಿರ ಬಂದ. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ ವೈನಿ ಅಲ್ಲಿಂದಲೇ ಕೂಗಿದರು:

"ಅಲ್ಲಿ ಹೊಡಿಬ್ಯಾಡ್ರಿ. ನಮ್ಮ ಪಾಳಿ ಅದ."